ಇಳಿಜಾರಿನ ಕೋನ ಎಷ್ಟು? ಗಣಕಯಂತ್ರವನ್ನು ಕೇಳೋಣ



ನಿಮ್ಮ ಶಾಲೆಯ ಜಗಲಿಗೆ ಹತ್ತಲು ಮೆಟ್ಟಿಲುಗಳಿವೆ ಅಲ್ಲವೆ? ಅವುಗಳ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ದಾರಿಯೂ ಇರಬಹುದು. ಅದನ್ನು ರ‍್ಯಾಂಪ್ ಎನ್ನುತ್ತಾರೆ. ಬಿಡುವಿನ ವೇಳೆಯಲ್ಲಿ ನೀವು ಅದರ ಮೇಲೆ ಜಾರಿ ಆಡಿರಲೂಬಹುದು! ಆದರೆ ಅದನ್ನು ಕಟ್ಟಿರುವುದು ಜಾರುವುದಕ್ಕಲ್ಲ. ಗಾಲಿಕುರ್ಚಿಯಲ್ಲಿ ಬರುವ ಗೆಳೆಯರು, ನಡೆಯಲು ಕಷ್ಟಪಡುವವರು ಇನ್ನೊಬ್ಬರ ಕೈ ಕಾಯದೆ ತರಗತಿಯೊಳಗೆ ಬರಲಿ ಎಂದು. ಶಾಲೆಯ ಕಟ್ಟಡ ಎಲ್ಲ ಮಕ್ಕಳಿಗೂ ಅಡೆತಡೆಯಿಲ್ಲದೆ ಪ್ರವೇಶಿಸುವಂತೆ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ.

ಆದರೆ ಇಳಿಜಾರು ಇದ್ದರೆ ಸಾಕೆ? ಅದು ಎಷ್ಟು ಕಡಿದಾಗಿರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನೊಮ್ಮೆ ದೊಡ್ಡ ತಪ್ಪು ಮಾಡಿದೆ. ಆ ತಪ್ಪನ್ನು ಹಿಡಿದವಳು ಆರನೇ ತರಗತಿಯ ಒಬ್ಬ ಹುಡುಗಿ. ಆ ಕಥೆಯನ್ನೂ ಅದರ ಹಿಂದಿನ ಗಣಿತವನ್ನೂ ಇಲ್ಲಿ ಹೇಳುತ್ತೇನೆ.

ಟೇಪು ಹಿಡಿದು ಹೊರಟೆವು

ನಾನು ವಿಜ್ಞಾನ ಚಟುವಟಿಕೆಗಳಿಗಾಗಿ ಊರೂರಿನ ಶಾಲೆಗಳಿಗೆ ಹೋಗುವವನು. ಒಂದು ಶಾಲೆಯಲ್ಲಿ ಅಂದು ಗಣಕಯಂತ್ರದಿಂದ ಲೆಕ್ಕ ಮಾಡಿಸುವ ಪಾಠವಿತ್ತು. ಮಕ್ಕಳಿಗೆ ಪುಸ್ತಕದ ಲೆಕ್ಕ ಕೊಡುವ ಬದಲು ಕಣ್ಣೆದುರಿನ ಲೆಕ್ಕ ಕೊಡೋಣ ಎಂದುಕೊಂಡೆ. ಜಗಲಿಯ ಪಕ್ಕದಲ್ಲಿ ಹೊಸ ರ‍್ಯಾಂಪ್ ಇತ್ತು. "ಬನ್ನಿ, ಇದರ ಕೋನ ಕಂಡುಹಿಡಿಯೋಣ" ಎಂದೆ.

ನಾಲ್ವರು ಮಕ್ಕಳು ಟೇಪು ಹಿಡಿದು ಅಳೆದರು. ನೆಲದಿಂದ ಜಗಲಿಯ ಎತ್ತರ 45 ಸೆಂ.ಮೀ. ರ‍್ಯಾಂಪ್ ಶುರುವಾಗುವ ಜಾಗದಿಂದ ಜಗಲಿಯ ಗೋಡೆಯವರೆಗೆ, ನೆಲದ ಮೇಲೆ ಅಳೆದರೆ 180 ಸೆಂ.ಮೀ. ಎತ್ತರವನ್ನು ನೆಲದ ಉದ್ದದಿಂದ ಭಾಗಿಸಿದೆವು.

45 ÷ 180 = 0.25

ಅಂದರೆ ನೆಲದ ಮೇಲೆ 4 ಹೆಜ್ಜೆ ಮುಂದೆ ಹೋದರೆ 1 ಹೆಜ್ಜೆಯಷ್ಟು ಮೇಲೇರುತ್ತೇವೆ. ಇದು ಇಳಿಜಾರಿನ ಅನುಪಾತ. ಈಗ ಇದರಿಂದ ಕೋನವನ್ನು ಹೇಗೆ ಪಡೆಯುವುದು?

ಅನುಪಾತದಿಂದ ಕೋನಕ್ಕೆ

ನೆಲ, ಜಗಲಿಯ ಗೋಡೆ, ರ‍್ಯಾಂಪಿನ ಮೇಲ್ಮೈ ಇವು ಮೂರೂ ಸೇರಿ ಒಂದು ಲಂಬಕೋನ ತ್ರಿಭುಜ ಆಗುತ್ತದೆ. ಇಂಥ ತ್ರಿಭುಜದಲ್ಲಿ ಒಂದು ವಿಶೇಷವಿದೆ. ತ್ರಿಭುಜ ಚಿಕ್ಕದಿರಲಿ, ದೊಡ್ಡದಿರಲಿ, ಇಳಿಜಾರಿನ ಕೋನ ಒಂದೇ ಆಗಿದ್ದರೆ ಎತ್ತರ ಮತ್ತು ನೆಲದ ಉದ್ದದ ಅನುಪಾತವೂ ಒಂದೇ ಆಗಿರುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದ ಪುಟ್ಟ ಇಳಿಜಾರಿಗೂ ಬೆಟ್ಟದ ಇಳಿಜಾರಿಗೂ ಇದೇ ನಿಯಮ.

ಈ ಅನುಪಾತಕ್ಕೆ ಗಣಿತಜ್ಞರು ಇಟ್ಟಿರುವ ಹೆಸರು ಟ್ಯಾನ್ಜೆಂಟ್. ಚಿಕ್ಕದಾಗಿ ಟ್ಯಾನ್. ಹತ್ತನೇ ತರಗತಿಗೆ ಹೋದಾಗ ತ್ರಿಕೋನಮಿತಿ ಎಂಬ ಪಾಠದಲ್ಲಿ ಇದನ್ನು ವಿವರವಾಗಿ ಕಲಿಯುತ್ತೀರಿ. ಸದ್ಯಕ್ಕೆ ಈ ಪಟ್ಟಿ ನೋಡಿ.

5 ಡಿಗ್ರಿ ಕೋನಕ್ಕೆ ಟ್ಯಾನ್ 0.087
10 ಡಿಗ್ರಿ ಕೋನಕ್ಕೆ ಟ್ಯಾನ್ 0.176
14 ಡಿಗ್ರಿ ಕೋನಕ್ಕೆ ಟ್ಯಾನ್ 0.249
30 ಡಿಗ್ರಿ ಕೋನಕ್ಕೆ ಟ್ಯಾನ್ 0.577
45 ಡಿಗ್ರಿ ಕೋನಕ್ಕೆ ಟ್ಯಾನ್ 1.000
60 ಡಿಗ್ರಿ ಕೋನಕ್ಕೆ ಟ್ಯಾನ್ 1.732

ಕೋನ ಕೊಟ್ಟರೆ ಅನುಪಾತ ಹೇಳುವುದು ಟ್ಯಾನ್. ನಮಗೆ ಬೇಕಾದದ್ದು ಇದರ ತಿರುಗುಮುರುಗು. ಅನುಪಾತ ನಮ್ಮ ಕೈಯಲ್ಲಿದೆ, ಕೋನ ಬೇಕು. ಕೂಡುವುದಕ್ಕೆ ಕಳೆಯುವುದು, ಗುಣಿಸುವುದಕ್ಕೆ ಭಾಗಿಸುವುದು ಹೇಗೆ ವಿಲೋಮವೋ ಹಾಗೆಯೇ ಟ್ಯಾನ್‌ಗೂ ಒಂದು ವಿಲೋಮ ಕ್ರಿಯೆಯಿದೆ. ಅದರ ಹೆಸರು ಆರ್ಕ್‌ಟ್ಯಾನ್. ಪೈಥಾನ್, ಸಿ, ಜಾವಾ ಮುಂತಾದ ಗಣಕಯಂತ್ರದ ಭಾಷೆಗಳಲ್ಲಿ ಇದನ್ನು ಎ, ಟಿ, ಎ, ಎನ್ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆಯುತ್ತಾರೆ. ನಾವು ಅದನ್ನು ಎಟ್ಯಾನ್ ಎಂದು ಓದೋಣ.

ನಾನು ಅಂದು ಬಳಸಿದ್ದು ಪೈಥಾನ್ ಭಾಷೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಇಂಪೋರ್ಟ್ ಮ್ಯಾಥ್
ಪ್ರಿಂಟ್(ಮ್ಯಾಥ್.ಎಟ್ಯಾನ್(45/180))

ಮೊದಲ ಸಾಲು "ಗಣಿತದ ಪೆಟ್ಟಿಗೆಯನ್ನು ತೆರೆ" ಎಂದು ಹೇಳುತ್ತದೆ. ಎರಡನೆಯದು "45ನ್ನು 180ರಿಂದ ಭಾಗಿಸಿ, ಆ ಅನುಪಾತದ ಕೋನವನ್ನು ತೋರಿಸು" ಎನ್ನುತ್ತದೆ.

"ಸರ್, ಹಾಗಾದ್ರೆ ನನಗ್ಯಾಕೆ ಹತ್ತೋಕಾಗಲ್ಲ?"

ಪರದೆಯ ಮೇಲೆ ಉತ್ತರ ಮೂಡಿತು. 0.2449 ಎಂದು ಶುರುವಾಗುವ ಒಂದು ಉದ್ದನೆಯ ದಶಮಾಂಶ ಸಂಖ್ಯೆ. ನಾನು ಅವಸರದಲ್ಲಿ ಕಪ್ಪುಹಲಗೆಯ ಮೇಲೆ "ಕೋನ: ಸುಮಾರು ಕಾಲು ಡಿಗ್ರಿ" ಎಂದು ಬರೆದುಬಿಟ್ಟೆ. "ನೋಡಿ, ಎಷ್ಟು ಚೆನ್ನಾಗಿದೆ ನಿಮ್ಮ ರ‍್ಯಾಂಪ್! ಹೆಚ್ಚುಕಡಿಮೆ ಸಮತಟ್ಟಾಗಿಯೇ ಇದೆ" ಎಂದೂ ಹೇಳಿದೆ.

ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಹುಡುಗಿ ಕೈ ಎತ್ತಿದಳು.

"ಸರ್, ಹಾಗಾದ್ರೆ ನನಗ್ಯಾಕೆ ಹತ್ತೋಕಾಗಲ್ಲ? ದಿನಾ ಇಬ್ರು ಹಿಂದಿನಿಂದ ತಳ್ಳಬೇಕು. ಇಳಿಯೋವಾಗ ಇನ್ನೂ ಭಯ ಆಗುತ್ತೆ."

ತರಗತಿ ಸುಮ್ಮನಾಯಿತು. ನನಗೂ ಮಾತು ಹೊರಡಲಿಲ್ಲ. ಗಣಕಯಂತ್ರ ಕಾಲು ಡಿಗ್ರಿ ಎನ್ನುತ್ತಿದೆ ಎಂದು ನಾನು ತಿಳಿದಿದ್ದೆ. ಆ ರ‍್ಯಾಂಪನ್ನು ದಿನವೂ ಹತ್ತಿ ಇಳಿಯುವವಳು ಹಾಗಲ್ಲ ಎನ್ನುತ್ತಿದ್ದಾಳೆ. ಯಾರನ್ನು ನಂಬಬೇಕು?

ಕಾಗದದ ಮೇಲೆ ಬರೆದು ನೋಡೋಣ ಎಂದೆ. 10 ಸೆಂ.ಮೀ.ಗೆ 1 ಸೆಂ.ಮೀ. ಎಂದು ಇಟ್ಟುಕೊಂಡು, 18 ಸೆಂ.ಮೀ. ಅಡ್ಡಗೆರೆ, ಅದರ ತುದಿಯಲ್ಲಿ 4.5 ಸೆಂ.ಮೀ. ನೆಟ್ಟಗಿನ ಗೆರೆ ಎಳೆದು ಎರಡನ್ನೂ ಸೇರಿಸಿದೆವು. ಒಬ್ಬ ಹುಡುಗ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತೆಗೆದು ಇಟ್ಟು ನೋಡಿದ. "ಹದಿನಾಲ್ಕು ಸರ್!" ಎಂದು ಕೂಗಿದ.

ಹದಿನಾಲ್ಕು ಎಲ್ಲಿ, ಕಾಲು ಎಲ್ಲಿ? ಗಣಕಯಂತ್ರ ತಪ್ಪು ಹೇಳಿತೆ? ಇಲ್ಲ ಮಕ್ಕಳೇ. ಅದು ಹೇಳಿದ್ದು ಸರಿಯಾಗಿಯೇ ಇತ್ತು. ಅದು ಡಿಗ್ರಿಯಲ್ಲಿ ಹೇಳಿರಲೇ ಇಲ್ಲ! ಡಿಗ್ರಿ ಎಂದು ಸೇರಿಸಿದವನು ನಾನು.

ರೇಡಿಯನ್ ಎಂದರೇನು?

ಉದ್ದವನ್ನು ಅಡಿಯಲ್ಲೂ ಅಳೆಯಬಹುದು, ಮೀಟರಿನಲ್ಲೂ ಅಳೆಯಬಹುದು. ಹಾಗೆಯೇ ಕೋನಕ್ಕೂ ಒಂದಕ್ಕಿಂತ ಹೆಚ್ಚು ಮಾನಗಳಿವೆ. ಡಿಗ್ರಿ ಒಂದಾದರೆ ರೇಡಿಯನ್ ಇನ್ನೊಂದು. ಇದನ್ನು ನೀವೇ ಮಾಡಿ ತಿಳಿಯಬಹುದು.

ಊಟದ ತಟ್ಟೆಯೊಂದನ್ನು ಕಾಗದದ ಮೇಲೆ ಬೋರಲಾಗಿ ಇಟ್ಟು ಸುತ್ತ ಗೆರೆ ಎಳೆಯಿರಿ. ವೃತ್ತವನ್ನು ಕತ್ತರಿಸಿ, ಎರಡು ಸಲ ಮಡಚಿ ಕೇಂದ್ರವನ್ನು ಗುರುತಿಸಿ. ಕೇಂದ್ರದಿಂದ ಅಂಚಿನವರೆಗಿನ ಉದ್ದದಷ್ಟು ದಾರ ಕತ್ತರಿಸಿಕೊಳ್ಳಿ. ಇದು ತ್ರಿಜ್ಯ. ಈಗ ಆ ದಾರವನ್ನು ವೃತ್ತದ ಅಂಚಿನ ಮೇಲೆ ಬಾಗಿಸಿ ಇಡಿ. ದಾರದ ಎರಡೂ ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆಯಿರಿ. ಆ ಎರಡು ಗೆರೆಗಳ ನಡುವಿನ ಕೋನವೇ 1 ರೇಡಿಯನ್. ಕೋನಮಾಪಕದಲ್ಲಿ ಅಳೆದರೆ 57 ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ. ನಿಖರವಾಗಿ ಹೇಳಬೇಕೆಂದರೆ ಸುಮಾರು 57.3 ಡಿಗ್ರಿ.

ವೃತ್ತದ ಪೂರ್ತಿ ಅಂಚಿಗೆ ಇಂಥ ಎಷ್ಟು ದಾರ ಬೇಕು? ಆರು ದಾರ ಹಿಡಿಸಿ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಲೆಕ್ಕದ ಪ್ರಕಾರ 6.28. ಇದು ನಿಮಗೆ ಪರಿಚಯವಿರುವ ಪೈ ಬೆಲೆಯ ಎರಡರಷ್ಟು!

ಈಗ ನಮ್ಮ ರ‍್ಯಾಂಪಿನ ಉತ್ತರವನ್ನು ಡಿಗ್ರಿಗೆ ಬದಲಾಯಿಸೋಣ.

0.245 × 57.3 = 14.04

ಕೋನಮಾಪಕ ಹೇಳಿದ್ದೂ ಹದಿನಾಲ್ಕೇ! ಹುಡುಗಿಯ ಮಾತು, ಕೋನಮಾಪಕ, ಗಣಕಯಂತ್ರ ಮೂರೂ ಒಂದೇ ಕಡೆ ಬಂದು ನಿಂತವು. ಪೈಥಾನ್‌ನಲ್ಲಿ ಈ ಗುಣಾಕಾರವನ್ನೂ ನಾವು ಮಾಡಬೇಕಿಲ್ಲ. ಮ್ಯಾಥ್.ಡಿಗ್ರೀಸ್ ಎಂಬ ಆಜ್ಞೆ ರೇಡಿಯನ್ನನ್ನು ಡಿಗ್ರಿಗೆ ಬದಲಾಯಿಸಿಕೊಡುತ್ತದೆ.

ಪ್ರಿಂಟ್(ಮ್ಯಾಥ್.ಡಿಗ್ರೀಸ್(ಮ್ಯಾಥ್.ಎಟ್ಯಾನ್(45/180)))

ಉತ್ತರ 14.036 ಎಂದು ಶುರುವಾಗುತ್ತದೆ.

ಗೊತ್ತಿರುವುದನ್ನೇ ಮೊದಲು ಕೇಳಿ

ಹಾಗಾದರೆ ಒಂದು ಭಾಷೆ ಡಿಗ್ರಿಯಲ್ಲಿ ಉತ್ತರ ಕೊಡುತ್ತದೋ ರೇಡಿಯನ್ನಿನಲ್ಲೋ ಎಂದು ತಿಳಿಯುವುದು ಹೇಗೆ? ಪೈಥಾನ್, ಸಿ, ಜಾವಾ ಇವೆಲ್ಲ ರೇಡಿಯನ್ನಿನಲ್ಲಿ ಕೊಡುತ್ತವೆ. ಲೆಕ್ಕದ ಕೋಷ್ಟಕಗಳನ್ನು ಮಾಡುವ ಎಕ್ಸೆಲ್ ಕೂಡ ಹಾಗೆಯೇ. ಆದರೆ ಮಕ್ಕಳಿಗಾಗಿಯೇ ಮಾಡಿದ, 2007ರಲ್ಲಿ ಎಲ್ಲರಿಗೂ ದೊರೆತ ಸ್ಕ್ರ್ಯಾಚ್ ಭಾಷೆಯಲ್ಲಿ ಎಟ್ಯಾನ್ ಉತ್ತರ ಡಿಗ್ರಿಯಲ್ಲಿ ಬರುತ್ತದೆ. ಪ್ರಶ್ನೆ ಒಂದೇ, ಎರಡು ಭಾಷೆ, ಎರಡು ಉತ್ತರ. ಎರಡೂ ಸರಿ!

ಇಷ್ಟನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಒಂದು ಸುಲಭ ಉಪಾಯವಿದೆ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಗಣಕಯಂತ್ರಕ್ಕೆ ಕೇಳಿ. ಎತ್ತರವೂ ನೆಲದ ಉದ್ದವೂ ಸಮವಾಗಿದ್ದರೆ ಅನುಪಾತ 1. ಚೌಕಾಕಾರದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದಂತೆ. ಆಗ ಕೋನ 45 ಡಿಗ್ರಿ ಎಂದು ನಿಮಗೆ ಗೊತ್ತು. ಹಾಗಾಗಿ ಮೊದಲು 1ರ ಎಟ್ಯಾನ್ ಕೇಳಿ. 45 ಎಂದು ಬಂದರೆ ಆ ಭಾಷೆ ಡಿಗ್ರಿಯಲ್ಲಿ ಮಾತಾಡುತ್ತಿದೆ. 0.785 ಎಂದು ಬಂದರೆ ರೇಡಿಯನ್ನಿನಲ್ಲಿ. ಅಂಗಡಿಯವರು ತಕ್ಕಡಿಯಲ್ಲಿ ಸಾಮಾನು ತೂಗುವ ಮುಂಚೆ ಖಾಲಿ ತಕ್ಕಡಿ ಸಮನಾಗಿದೆಯೇ ಎಂದು ನೋಡುವುದಿಲ್ಲವೆ? ಇದೂ ಅಂಥದೇ. ಅಂದು ನಾನು ಈ ಒಂದು ನಿಮಿಷದ ಕೆಲಸ ಮಾಡಿದ್ದರೆ ಕಪ್ಪುಹಲಗೆಯ ಮೇಲೆ "ಕಾಲು ಡಿಗ್ರಿ" ಎಂದು ಬರೆಯುತ್ತಿರಲಿಲ್ಲ.

ಗಣಕಯಂತ್ರಕ್ಕೆ ಕೋನ ಹೇಗೆ ಗೊತ್ತಾಗುತ್ತದೆ?

ಗಣಕಯಂತ್ರದೊಳಗೆ ಕೋನಮಾಪಕವಿಲ್ಲ. ಹಾಗಾದರೆ 0.25 ಎಂಬ ಅನುಪಾತದಿಂದ ಕೋನವನ್ನು ಅದು ಹೇಗೆ ಹೇಳಿತು? ಕೇವಲ ಕೂಡಿ, ಕಳೆದು, ಗುಣಿಸಿ, ಭಾಗಿಸಿ! ಅಂಥ ಒಂದು ದಾರಿ ನಮ್ಮ ದೇಶದಲ್ಲಿ 600 ವರ್ಷಗಳ ಹಿಂದೆಯೇ ಗೊತ್ತಿತ್ತು. ಕೇರಳದ ಸಂಗಮಗ್ರಾಮದ ಮಾಧವ ಎಂಬ ಗಣಿತಜ್ಞ ಅದನ್ನು ಕಂಡುಹಿಡಿದನೆಂದು ಹೇಳುತ್ತಾರೆ. ಅದೇ ಪರಂಪರೆಯ ಜ್ಯೇಷ್ಠದೇವ 16ನೇ ಶತಮಾನದಲ್ಲಿ ಮಲಯಾಳಂ ಭಾಷೆಯಲ್ಲಿ ಬರೆದ ಯುಕ್ತಿಭಾಷಾ ಎಂಬ ಗ್ರಂಥದಲ್ಲಿ ಅದರ ವಿವರಣೆಯಿದೆ. ಯೂರೋಪಿನಲ್ಲಿ ಜೇಮ್ಸ್ ಗ್ರೆಗರಿ ಇದನ್ನು 1671ರಲ್ಲಿ ಕಂಡುಕೊಂಡ.

ಆ ದಾರಿ ಹೀಗಿದೆ. ಅನುಪಾತವನ್ನು ಬರೆದುಕೊಳ್ಳಿ. ಅದನ್ನು ಮೂರು ಸಲ ಬರೆದು ಗುಣಿಸಿ, 3ರಿಂದ ಭಾಗಿಸಿ, ಕಳೆಯಿರಿ. ಐದು ಸಲ ಬರೆದು ಗುಣಿಸಿ, 5ರಿಂದ ಭಾಗಿಸಿ, ಕೂಡಿ. ಮುಂದೆ ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಗಳಲ್ಲಿ ಒಮ್ಮೆ ಕಳೆಯುತ್ತ, ಒಮ್ಮೆ ಕೂಡುತ್ತ ಹೋಗಿ. ಅನುಪಾತ 1ಕ್ಕಿಂತ ಚಿಕ್ಕದಾಗಿದ್ದರೆ ಉತ್ತರ ಬೇಗ ಹತ್ತಿರ ಬರುತ್ತದೆ. ನಮ್ಮ 0.25ಕ್ಕೆ ಮಾಡಿ ನೋಡೋಣ.

ಮೊದಲ ಹೆಜ್ಜೆ: 0.25
ಎರಡನೇ ಹೆಜ್ಜೆ: 0.25 × 0.25 × 0.25 = 0.015625. ಇದನ್ನು 3ರಿಂದ ಭಾಗಿಸಿದರೆ 0.005208. ಕಳೆದಾಗ ಉಳಿಯುವುದು 0.244792
ಮೂರನೇ ಹೆಜ್ಜೆ: 0.25ನ್ನು ಐದು ಸಲ ಗುಣಿಸಿ 5ರಿಂದ ಭಾಗಿಸಿದರೆ 0.000195. ಕೂಡಿದಾಗ 0.244987

ಪೈಥಾನ್ ಕೊಟ್ಟ ಉತ್ತರ 0.244979. ಮೂರೇ ಹೆಜ್ಜೆಗೆ ಎಷ್ಟು ಹತ್ತಿರ ಬಂದೆವು ನೋಡಿ! ನೀವು ಕಾಗದದ ಮೇಲೆ ಮಾಡಿದ ಈ ಲೆಕ್ಕದ ಉತ್ತರ ನೇರವಾಗಿ ಬರುವುದು ರೇಡಿಯನ್ನಿನಲ್ಲಿ, ಡಿಗ್ರಿಯಲ್ಲಲ್ಲ. ಭಾಷೆಗಳು ರೇಡಿಯನ್ನನ್ನು ಇಷ್ಟಪಡಲು ಇದೊಂದು ಕಾರಣ. ಇಂದಿನ ಗಣಕಯಂತ್ರಗಳು ಇನ್ನೂ ವೇಗವಾದ ಸೂತ್ರಗಳನ್ನು ಬಳಸುತ್ತವೆ. ಆದರೆ ಕೂಡುವುದು, ಗುಣಿಸುವುದು ಮುಂತಾದ ಸರಳ ಲೆಕ್ಕಗಳಿಂದಲೇ ಕೋನವನ್ನು ಪಡೆಯುವ ತತ್ತ್ವ ಅದೇ.

ಇನ್ನೆರಡು ಎಚ್ಚರಿಕೆಗಳು

ಒಂದನೆಯದು. ನೆಲದ ಉದ್ದವನ್ನು ಅಳೆಯಲಾಗದೆ ರ‍್ಯಾಂಪಿನ ಮೇಲ್ಮೈಯ ಓರೆ ಉದ್ದವನ್ನೇ ಅಳೆದಿದ್ದೀರಿ ಎನ್ನೋಣ. ನಮ್ಮ ರ‍್ಯಾಂಪಿನಲ್ಲಿ ಅದು 185.5 ಸೆಂ.ಮೀ. ಆಗ ಎಟ್ಯಾನ್ ಬಳಸಬಾರದು. ಎತ್ತರವನ್ನು ಓರೆ ಉದ್ದದಿಂದ ಭಾಗಿಸಿದರೆ ಸಿಗುವ ಅನುಪಾತದ ಹೆಸರು ಸೈನ್. ಅದರ ವಿಲೋಮಕ್ಕೆ ಎಸೈನ್ ಎಂಬ ಬೇರೆ ಆಜ್ಞೆಯಿದೆ. 45/185.5 ಕೊಟ್ಟರೆ ಅದೇ ಹದಿನಾಲ್ಕು ಡಿಗ್ರಿ ಸಿಗುತ್ತದೆ. ಮರೆತು 185.5/45 ಎಂದು ತಿರುಗಿಸಿ ಕೊಟ್ಟರೆ? ಪೈಥಾನ್ ಉತ್ತರವನ್ನೇ ಕೊಡದೆ ದೋಷವೆಂದು ತೋರಿಸುತ್ತದೆ. ಓರೆ ಉದ್ದಕ್ಕಿಂತ ಎತ್ತರ ಹೆಚ್ಚಾಗಿರುವ ತ್ರಿಭುಜವೇ ಇಲ್ಲವಲ್ಲ!

ಎರಡನೆಯದು. ರ‍್ಯಾಂಪಿನ ಅಳತೆಗಳೆಲ್ಲ ಧನ ಸಂಖ್ಯೆಗಳು. ಆದರೆ ದಿಕ್ಕಿನ ಲೆಕ್ಕದಲ್ಲಿ ಋಣ ಸಂಖ್ಯೆಗಳೂ ಬರುತ್ತವೆ. ಧ್ವಜಸ್ತಂಭದ ಬಳಿ ನಿಂತಿದ್ದೀರಿ. ನಿಮ್ಮ ಗೆಳತಿ 3 ಹೆಜ್ಜೆ ಪೂರ್ವಕ್ಕೆ, 4 ಹೆಜ್ಜೆ ಉತ್ತರಕ್ಕೆ ಹೋದಳು. ಗೆಳೆಯ 3 ಹೆಜ್ಜೆ ಪಶ್ಚಿಮಕ್ಕೆ, 4 ಹೆಜ್ಜೆ ದಕ್ಷಿಣಕ್ಕೆ ಹೋದ. ಪಶ್ಚಿಮ, ದಕ್ಷಿಣಗಳನ್ನು ಋಣ ಸಂಖ್ಯೆಗಳಾಗಿ ಬರೆದರೆ ಗೆಳತಿಯ ಅನುಪಾತ 4/3, ಗೆಳೆಯನದು -4/-3. ಭಾಗಿಸಿದಾಗ ಎರಡೂ ಒಂದೇ! ಎಟ್ಯಾನ್ ಇಬ್ಬರಿಗೂ 53.13 ಡಿಗ್ರಿ ಎನ್ನುತ್ತದೆ. ಆದರೆ ಅವರಿಬ್ಬರೂ ಇರುವುದು ಎದುರುಬದುರು ದಿಕ್ಕಿನಲ್ಲಿ.

ಇದಕ್ಕಾಗಿಯೇ ಎಟ್ಯಾನ್2 ಎಂಬ ಆಜ್ಞೆಯಿದೆ. ಅದಕ್ಕೆ ಭಾಗಿಸಿದ ಉತ್ತರವನ್ನಲ್ಲ, ಎರಡು ಸಂಖ್ಯೆಗಳನ್ನೂ ಬೇರೆ ಬೇರೆಯಾಗಿ ಕೊಡಬೇಕು. ಆಗ ಡಿಗ್ರಿಗೆ ಬದಲಾಯಿಸಿದ ಮೇಲೆ ಗೆಳತಿಗೆ 53.13 ಎಂದೂ ಗೆಳೆಯನಿಗೆ -126.87 ಎಂದೂ ಸರಿಯಾದ ಉತ್ತರ ಸಿಗುತ್ತದೆ. ಪೂರ್ವ ದಿಕ್ಕಿಗೆ ಮುಖ ಮಾಡಿ ನಿಂತು ಎಡಕ್ಕೆ ತಿರುಗಿದರೆ ಧನ, ಬಲಕ್ಕೆ ತಿರುಗಿದರೆ ಋಣ. ಪೈಥಾನ್‌ನಲ್ಲಿ ಉತ್ತರದ ಹೆಜ್ಜೆ ಮೊದಲು, ಪೂರ್ವದ ಹೆಜ್ಜೆ ಆಮೇಲೆ. ಎಕ್ಸೆಲ್‌ನಲ್ಲಿ ಇದು ತಿರುಗುಮುರುಗು! ಇಲ್ಲಿಯೂ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮೊದಲು ಕೇಳುವುದೇ ಒಳ್ಳೆಯದು.

ಮತ್ತೆ ರ‍್ಯಾಂಪಿನ ಬಳಿಗೆ

ಹದಿನಾಲ್ಕು ಡಿಗ್ರಿ ಹೆಚ್ಚೋ ಕಡಿಮೆಯೋ? ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ ರ‍್ಯಾಂಪ್ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಅಂದರೆ 1 ಅಡಿ ಮೇಲೇರಲು ಕಡೇಪಕ್ಷ 12 ಅಡಿ ಉದ್ದ ಬೇಕು. 1/12ರ ಎಟ್ಯಾನ್ ಕೇಳಿ ಡಿಗ್ರಿಗೆ ಬದಲಾಯಿಸಿದೆವು. 4.76 ಬಂತು. ಆ ರ‍್ಯಾಂಪ್ ಇರಬೇಕಾದ್ದಕ್ಕಿಂತ ಸುಮಾರು ಮೂರರಷ್ಟು ಕಡಿದಾಗಿತ್ತು!

ಇದರಿಂದ ಏನು ವ್ಯತ್ಯಾಸ? ಕುರ್ಚಿಯೂ ಕುಳಿತವರೂ ಸೇರಿ 48 ಕಿಲೋ ಎಂದಿಟ್ಟುಕೊಳ್ಳಿ. ಹದಿನಾಲ್ಕು ಡಿಗ್ರಿಯಲ್ಲಿ ಹಿಂದಕ್ಕೆ ಎಳೆಯುವ ಬಲ ಸುಮಾರು 12 ಕಿಲೋ ತೂಕದ ಮೂಟೆಯನ್ನು ಎತ್ತಿಹಿಡಿದಷ್ಟು. 12ಕ್ಕೆ 1ರ ಇಳಿಜಾರಿನಲ್ಲಿ ಸುಮಾರು 4 ಕಿಲೋದಷ್ಟು ಮಾತ್ರ. ಒಂದನ್ನು ಒಬ್ಬಳೇ ಹತ್ತಬಲ್ಲಳು, ಇನ್ನೊಂದಕ್ಕೆ ಇಬ್ಬರು ತಳ್ಳಬೇಕು. ಆ ಹುಡುಗಿಯ ತೋಳಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು.

45 ಸೆಂ.ಮೀ. ಎತ್ತರಕ್ಕೆ ಎಷ್ಟು ಉದ್ದ ಬೇಕು? 45 × 12 = 540 ಸೆಂ.ಮೀ. ಜಗಲಿಯ ಎದುರು ಅಷ್ಟು ಜಾಗವಿರಲಿಲ್ಲ. ಎರಡು ಮೀಟರಿಗೇ ಚರಂಡಿ. ಕಟ್ಟಿದವರು ಇದ್ದ ಜಾಗದಲ್ಲಿ ಮುಗಿಸಿದ್ದರು. ಆಗ ಆ ಹುಡುಗಿಯೇ ಹೇಳಿದಳು: "ಎದುರಿಗೆ ಯಾಕೆ ಸರ್? ಗೋಡೆಗೆ ಒರಗಿಸಿ ಉದ್ದಕ್ಕೆ ಕಟ್ಟಬಹುದಲ್ಲ?" ಮಕ್ಕಳು ಗೋಡೆಯ ಉದ್ದವನ್ನು ಅಳೆದರು. ಒಂಬತ್ತು ಮೀಟರ್! ಮೇಲ್ತುದಿಯಲ್ಲಿ ಕುರ್ಚಿ ತಿರುಗಲು ಸಮತಟ್ಟಾದ ಜಾಗವನ್ನೂ ಬಿಟ್ಟು ನಕ್ಷೆ ಬರೆದರು. ಎತ್ತರ, ಉದ್ದ, ಕೋನ ಮೂರನ್ನೂ ನಮೂದಿಸಿ ಮುಖ್ಯ ಶಿಕ್ಷಕರ ಮೂಲಕ ಶಾಲಾಭಿವೃದ್ಧಿ ಸಮಿತಿಗೆ ಕೊಟ್ಟರು.

ಮುಂದಿನ ವರ್ಷ ಹೋದಾಗ ಗೋಡೆಯ ಪಕ್ಕದಲ್ಲಿ ಹೊಸ ರ‍್ಯಾಂಪ್ ಇತ್ತು. ಹಳೆಯದರ ಮೇಲೆ ಮಕ್ಕಳು ಹೂವಿನ ಕುಂಡಗಳನ್ನು ಜೋಡಿಸಿದ್ದರು. ಹುಡುಗಿ ಏಳನೇ ತರಗತಿಯಲ್ಲಿದ್ದಳು. ನನ್ನ ಕೈಗೆ ಟೇಪು ಕೊಟ್ಟು, "ಅಳೀರಿ ಸರ್. ಈ ಸಲ ಡಿಗ್ರಿಯಲ್ಲೇ ಹೇಳಿ" ಎಂದಳು.

ಮಾಡಿ ನೋಡಿ

1. ನಿಮ್ಮ ಶಾಲೆಯ, ಆಸ್ಪತ್ರೆಯ ಅಥವಾ ಗ್ರಾಮ ಪಂಚಾಯಿತಿ ಕಚೇರಿಯ ರ‍್ಯಾಂಪನ್ನು ಅಳೆಯಿರಿ. ಎತ್ತರವನ್ನು ನೆಲದ ಉದ್ದದಿಂದ ಭಾಗಿಸಿ. ಅನುಪಾತ 0.083ಕ್ಕಿಂತ ಹೆಚ್ಚಿದೆಯೇ?

2. ಅದೇ ಇಳಿಜಾರನ್ನು ಕಾಗದದ ಮೇಲೆ ಬರೆದು ಕೋನಮಾಪಕದಿಂದ ಅಳೆಯಿರಿ. ಗಣಕಯಂತ್ರ ಸಿಕ್ಕಾಗ ಎಟ್ಯಾನ್ ಬಳಸಿ ಹೋಲಿಸಿ. ಎರಡೂ ಹೊಂದದಿದ್ದರೆ ತಪ್ಪು ಎಲ್ಲಿರಬಹುದು ಎಂದು ಹುಡುಕಿ.

3. 0.5 ಅನುಪಾತಕ್ಕೆ ಮಾಧವನ ದಾರಿಯಲ್ಲಿ ನಾಲ್ಕು ಹೆಜ್ಜೆ ಲೆಕ್ಕ ಮಾಡಿ. 0.25ಕ್ಕಿಂತ ಇದು ನಿಧಾನವಾಗಿ ಹತ್ತಿರ ಬರುತ್ತದೆಯೇ? ಏಕೆ?

4. ಆ ರ‍್ಯಾಂಪನ್ನು ದಿನವೂ ಬಳಸುವವರು ಯಾರಾದರೂ ಇದ್ದರೆ ಅವರನ್ನು ಮಾತಾಡಿಸಿ. ನಿಮ್ಮ ಅಳತೆಯೂ ಅವರ ಅನುಭವವೂ ಹೊಂದುತ್ತವೆಯೇ ಎಂದು ಬರೆದಿಡಿ.